ಸತ್ಯಾಂಶ: ಏಪ್ರಿಲ್ ಅಬ್ಬರ ವರ್ಷವಿಡೀ ಇರುತ್ತದಾ?

ಅಮೆರಿಕದ ಬೇಸ್‌ಬಾಲ್ ಸೀಸನ್‌ನ ಆರಂಭದ ದಿನಗಳಾದ ಏಪ್ರಿಲ್ ಬಂದರೆ ಸಾಕು, ಆ ಆಟದ ಪ್ರಿಯರ ನಡುವೆ ಒಂದು ಲೆಕ್ಕ ಓಡಾಡುತ್ತದೆ: ‘ಇದೇ ವೇಗದಲ್ಲಿ ಹೋದರೆ ಇವನು ನೂರು ಹೋಮ್ ರನ್ ಹೊಡೀತಾನೆ, ದಾಖಲೆ ಪುಡಿ!’ (ಹೋಮ್ ರನ್ ಅಂದರೆ ಕ್ರಿಕೆಟ್‌ನ ಸಿಕ್ಸರ್ ಥರ, ಚೆಂಡನ್ನು ಬೇಲಿಯಾಚೆ ದಾಟಿಸುವ ಹೊಡೆತ.) ಗುಣಾಕಾರ ಸರಿಯೇ. ನಂಬಿಕೆ ತಪ್ಪು.

2006ರಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಕ್ರಿಸ್ ಶೆಲ್ಟನ್ ಮೊದಲ 13 ಪಂದ್ಯಗಳಲ್ಲಿ 9 ಹೋಮ್ ರನ್ ಹೊಡೆದರು. ಪೂರ್ತಿ ಸೀಸನ್‌ನ 162 ಪಂದ್ಯಕ್ಕೆ ಎಳೆದರೆ 112! ಬ್ಯಾರಿ ಬಾಂಡ್ಸ್ 2001ರಲ್ಲಿ ಬರೆದ ಒಂದು ಸೀಸನ್‌ನ ದಾಖಲೆಯೇ 73, ಅಲ್ವಾ? ಶೆಲ್ಟನ್ ಕೊನೆಗೆ ನಿಂತದ್ದು 16ಕ್ಕೆ. ನಡುವೆ ಕೆಳಗಿನ ಲೀಗ್‌ಗೂ ಹೋಗಬೇಕಾಯಿತು, ಪಾಪ.

13 ಪಂದ್ಯ ಅಂದರೆ ಸುಮಾರು ಐವತ್ತು ಸಲ ಬ್ಯಾಟ್ ಹಿಡಿದಂತೆ. ಪೂರ್ತಿ ಸೀಸನ್‌ನಲ್ಲಿ ಅದು 600 ದಾಟಬಹುದು. ಐವತ್ತರಲ್ಲಿ ಅದೃಷ್ಟದ ಪಾಲು ಜಾಸ್ತಿ. ಅಷ್ಟರಲ್ಲಿ ಎದುರಾಳಿ ಪಿಚರ್‌ಗಳೂ ಸುಮ್ನೆ ಕೂರುವುದಿಲ್ಲ. ಬ್ಯಾಟರ್‌ಗೆ ಯಾವ ಎಸೆತ ಆಗದು ಎಂದು ಹುಡುಕಿ, ಅದನ್ನೇ ಹಾಕುತ್ತಾರೆ.

1994ರ ಮೊದಲ ಪಂದ್ಯದಲ್ಲೇ ಚಿಕಾಗೊ ಕಬ್ಸ್‌ನ ಟಫಿ ರೋಡ್ಸ್ ಮೂರು ಹೋಮ್ ರನ್ ಹೊಡೆದಿದ್ದರು. ಆ ವರ್ಷದ ಒಟ್ಟು? ಎಂಟು. ಮುಷ್ಕರದಿಂದ ಸೀಸನ್ ಆಗಸ್ಟ್‌ನಲ್ಲೇ ನಿಂತಿತ್ತು, ಅದು ನಿಜ. ಆದರೂ ಎಂಟೇ. ಇದೇ ರೋಡ್ಸ್ ಮುಂದೆ ಜಪಾನಿಗೆ ಹೋಗಿ, 2001ರಲ್ಲಿ 55 ಹೊಡೆದು ಅಲ್ಲಿನ ಅಂದಿನ ದಾಖಲೆಯನ್ನು ಸರಿಗಟ್ಟಿದರು.