ಮಾಲ್ಡೀವ್ಸ್‌ನಿಂದ ವಾಪಸ್: ಟಿಕೆಟ್‌ಗಿಂತ ದೊಡ್ಡದಾಗಿದ್ದ ಆ 72 ಗಂಟೆ

ಕೋವಿಡ್ ಕಾಲದಲ್ಲಿ ಮಾಲ್ಡೀವ್ಸಿಗೆ ಹೋಗಿ ಫೋಟೋ ಹಾಕಿದವರಿಗೆ ಬಿದ್ದ ಬೈಗುಳ ಎಲ್ಲರಿಗೂ ನೆನಪಿದೆ. ಬೈದವರೂ ಹೋದವರೂ ನಾವೇ ಅನ್ನುವುದು ಬೇರೆ ಮಾತು. 2020, 2021 ಎರಡೂ ವರ್ಷ ಆ ದೇಶಕ್ಕೆ ಅತಿ ಹೆಚ್ಚು ಪ್ರವಾಸಿಗರು ಹೋಗಿದ್ದು ಭಾರತದಿಂದಲೇ. ಹೋಗುವುದಕ್ಕೆ ಅಂಥ ಕಷ್ಟವಿರಲಿಲ್ಲ. ಕಷ್ಟ ಶುರುವಾಗುತ್ತಿದ್ದದ್ದು ವಾಪಸ್ ಹೊರಡುವಾಗ. ಪ್ಯಾಕೇಜ್ ಮಾರುವವರು ‘ರೆಸಾರ್ಟಲ್ಲೇ ಟೆಸ್ಟ್ ಫ್ರೀ ಸಾರ್’ ಅಂದು ಮುಗಿಸಿಬಿಡುತ್ತಿದ್ದರು. ಫ್ರೀ ಆಗಿದ್ದರೆಷ್ಟು, ಬಿಟ್ಟರೆಷ್ಟು? ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತೆ, ಯಾವ ದೋಣಿಯಲ್ಲಿ, ರಿಪೋರ್ಟ್ ಎಷ್ಟು ಹೊತ್ತಿಗೆ ಕೈಗೆ ಬರುತ್ತೆ ಅಂತ ಬುಕ್ ಮಾಡುವಾಗಲೇ ಕೇಳಬೇಕಿತ್ತು.

2021ರ ಫೆಬ್ರವರಿ 22ರಿಂದ ಭಾರತಕ್ಕೆ ಬರುವವರು ಏರ್ ಸುವಿಧಾ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ತುಂಬಿ, ಪ್ರಯಾಣಕ್ಕೆ ಹಿಂದಿನ 72 ಗಂಟೆಯೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಅಪ್‌ಲೋಡ್ ಮಾಡಲೇಬೇಕಾಯಿತು. ಇದರ ಜೊತೆಗೆ ಮಾಲ್ಡೀವ್ಸ್‌ನವರ ‘ಇಮುಗಾ’ ಅನ್ನುವ ಆನ್‌ಲೈನ್ ಪ್ರಯಾಣಿಕ ಘೋಷಣೆಯ ಫಾರ್ಮ್ ಬೇರೆ. ಅಲ್ಲಿಗೆ ಹೋಗುವಾಗ ತುಂಬಿದ್ದು ಸಾಲದು, ಹೊರಡುವ ಮುನ್ನವೂ ತುಂಬಬೇಕು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಾಗುತ್ತಿದ್ದದ್ದು ಚೆಕ್‌-ಇನ್ ಕೌಂಟರ್ ಮುಂದೆ ನಿಂತಾಗ.

ಗಂಟೆ ಎಣಿಸುವುದರಲ್ಲೇ ಹೆಚ್ಚಿನವರು ಎಡವಿದ್ದು. ಭಾನುವಾರ ಮಧ್ಯಾಹ್ನ 3ಕ್ಕೆ ರಾಜಧಾನಿ ಮಾಲೆಯಿಂದ ವಿಮಾನ ಅಂದುಕೊಳ್ಳಿ. 72 ಗಂಟೆ ಹಿಂದಕ್ಕೆ ಎಣಿಸಿದರೆ ಗುರುವಾರ ಮಧ್ಯಾಹ್ನ 3. ಗುರುವಾರ ಸಂಜೆ 5ಕ್ಕೆ ಸ್ಯಾಂಪಲ್ ಕೊಟ್ಟರೆ ಹೊರಡುವ ಹೊತ್ತಿಗೆ 70 ಗಂಟೆ, ಕಾಗದದ ಮೇಲೆ ಸರಿಯೇ. ವಿಮಾನ ಮೂರು ಗಂಟೆ ತಡವಾದರೆ 73, ಕೌಂಟರ್‌ನಲ್ಲಿ ವಾದ ಶುರು. ಸ್ಯಾಂಪಲ್ ಕೊಡುವುದನ್ನು ಶನಿವಾರಕ್ಕೆ ಮುಂದೂಡಿದರೆ ಇನ್ನೊಂದು ಅಪಾಯ: ರಿಪೋರ್ಟ್ ‘ಇನ್‌ಕನ್‌ಕ್ಲೂಸಿವ್’ ಅಂತ ಬಂದರೆ ಮತ್ತೊಮ್ಮೆ ಕೊಡುವಷ್ಟು ಹೊತ್ತೇ ಉಳಿಯುವುದಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಲ್ಯಾಬ್ ಇಲ್ಲದ ದ್ವೀಪದಿಂದ ಸ್ಯಾಂಪಲ್ ಮಾಲೆಗೆ ಸ್ಪೀಡ್‌ಬೋಟಿನಲ್ಲೋ ಸೀಪ್ಲೇನಿನಲ್ಲೋ ಹೋಗಬೇಕು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಸ್ಯಾಂಪಲ್ ಹೊರಡುತ್ತದೆಯೇ ಅಂತ ಮೊದಲೇ ಖಚಿತ ಮಾಡಿಕೊಂಡು, 8 ಗಂಟೆಗೆ ಕೊಟ್ಟರೆ ವಿಮಾನದ ಹೊತ್ತಿಗೆ 55 ಗಂಟೆ. ತಡವಾದರೂ 17 ಗಂಟೆ ಕೈಯಲ್ಲಿರುತ್ತೆ, ಟೆಸ್ಟ್ ಕೈಕೊಟ್ಟರೆ ಶನಿವಾರ ಇನ್ನೊಂದು ಅವಕಾಶವೂ ಇರುತ್ತೆ. ಲೆಕ್ಕ ಸ್ಯಾಂಪಲ್ ತೆಗೆದ ಹೊತ್ತಿನಿಂದ, ರಿಪೋರ್ಟ್ ಪ್ರಿಂಟಾದ ಹೊತ್ತಿನಿಂದ ಅಲ್ಲ.

ಇದರೊಳಗೆ ಗಡಿಯಾರದ ತಮಾಷೆ ಬೇರೆ. ಮಾಲೆ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಎಷ್ಟೋ ರೆಸಾರ್ಟ್‌ಗಳು ಅತಿಥಿಗಳಿಗೆ ಸಂಜೆ ಬೆಳಕು ಹೆಚ್ಚು ಸಿಗಲಿ ಅಂತ ಮಾಲೆಗಿಂತ ಒಂದು ಗಂಟೆ ಮುಂದೆ ‘ದ್ವೀಪದ ಸಮಯ’ ಇಟ್ಟುಕೊಳ್ಳುತ್ತವೆ. ದೋಣಿಯ ಹೊತ್ತು ಹೇಳಿದರೆ ಅದು ಯಾವ ಗಡಿಯಾರದ್ದು ಅಂತ ಕೇಳದವರು ಮುಂಗಡವಾಗಿ ಹೋಗಿ ಜೆಟ್ಟಿಯಲ್ಲಿ ಬಿಸಿಲು ಕಾದರು, ಇಲ್ಲವೇ ದೋಣಿ ತಪ್ಪಿಸಿಕೊಂಡರು.

ಹೆಸರಿನ ಸಮಸ್ಯೆ ನಮ್ಮವರಿಗೆ ವಿಶೇಷವಾಗಿ ಕಾಡಿದ್ದು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಬಿಡಿಸಿ ಬರೆದ ಸರ್‌ನೇಮ್, ರೆಸಾರ್ಟ್ ಬುಕಿಂಗ್‌ನಲ್ಲಿ ಮೂರನೆಯ ರೂಪ. ರೆಸಾರ್ಟಿನವರು ಲ್ಯಾಬಿಗೆ ಕಳಿಸುತ್ತಿದ್ದದ್ದು ಬುಕಿಂಗ್ ಪಟ್ಟಿ. ಸ್ವಾಬ್ ಕೊಡುವಾಗಲೇ ಪಾಸ್‌ಪೋರ್ಟ್ ತೋರಿಸಿ, ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ ಮೂರನ್ನೂ ಓದಿಸಿಕೊಂಡರೆ ಎರಡು ನಿಮಿಷದ ಕೆಲಸ. ರಿಪೋರ್ಟ್ ಬಂದ ಮೇಲೆ ತಿದ್ದಿಸಲು ಹೊರಟರೆ ಅರ್ಧ ದಿನ ಹೋಯಿತು.

ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ, ಅದರ ಹೊತ್ತು ಖಚಿತವಾಗುವುದು ಸಾಮಾನ್ಯವಾಗಿ ಹಿಂದಿನ ಸಂಜೆ. ಬೆಳಿಗ್ಗೆ ಬೇಗನೆ ವಿಮಾನವಿದ್ದರೆ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ ಉಳಿಯುವುದೇ ದಾರಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಂತೂ ಒಂದು ದಿನ ಕೈಯಲ್ಲಿಟ್ಟುಕೊಳ್ಳದವರಿಗೆ ಧೈರ್ಯ ಜಾಸ್ತಿ ಅಂತಲೇ ಹೇಳಬೇಕು.

ಬೆಂಗಳೂರಿಗೆ ನೇರ ವಿಮಾನ ಸಿಗದೆ ಕೊಚ್ಚಿ ಅಥವಾ ಮುಂಬೈ ಮೂಲಕ ಬಂದವರು ಮರೆತದ್ದು ಇನ್ನೊಂದಿದೆ. 2021ರ ಫೆಬ್ರವರಿಯಲ್ಲೇ ಕರ್ನಾಟಕ ಸರ್ಕಾರ ಕೇರಳ ಮತ್ತು ಮಹಾರಾಷ್ಟ್ರದಿಂದ ಬರುವವರಿಗೂ 72 ಗಂಟೆಯೊಳಗಿನ ನೆಗೆಟಿವ್ ವರದಿ ಕಡ್ಡಾಯ ಮಾಡಿತ್ತು. ಮಾಲೆಯ ಅದೇ ಕಾಗದ ಸಾಕಿತ್ತು, ಆದರೆ ಗಂಟೆಗಳು ಓಡುತ್ತಿದ್ದವು. ಕೊಚ್ಚಿಯಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಕೂತು ಆಮೇಲೆ ಬೆಂಗಳೂರಿನ ವಿಮಾನ ಹತ್ತುತ್ತೇನೆ ಅಂದವರಿಗೆ ಹೊಸ ಟೆಸ್ಟ್.

ವಿಮಾನದೊಳಗಿನ ಭಯ ಮಾತ್ರ ಬಹಳ ಜನ ತಪ್ಪು ಜಾಗದಲ್ಲಿ ಇಟ್ಟುಕೊಂಡಿದ್ದರು. ಹಾರುವಾಗ ಕ್ಯಾಬಿನ್ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತೆ, ಒಳಗೇ ತಿರುಗುವ ಭಾಗ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಿ ಬರುತ್ತೆ. ಅಪಾಯ ಹೆಚ್ಚಿದ್ದದ್ದು ನೆಲದ ಮೇಲೆ: ಗಾಳಿ ವ್ಯವಸ್ಥೆ ಪೂರ್ತಿ ಓಡದೆ ನಿಂತ ವಿಮಾನದಲ್ಲಿ, ಬಸ್ಸಿನಲ್ಲಿ, ಇಮಿಗ್ರೇಷನ್ ಸಾಲಿನಲ್ಲಿ. ಮಾಲೆಯಿಂದ ಬೆಂಗಳೂರಿಗೆ ಸುಮಾರು ಎರಡು ಗಂಟೆ. ಅಷ್ಟಕ್ಕೆ ಊಟದ ಟ್ರೇಗಾಗಿ ಮಾಸ್ಕ್ ಇಳಿಸುವ ಅಗತ್ಯವೇ ಇರಲಿಲ್ಲ. ಚಕ್ರ ನೆಲ ಮುಟ್ಟಿದ ಕೂಡಲೇ ಎದ್ದು ಓವರ್‌ಹೆಡ್ ಬಿನ್ ಕೆಳಗೆ ಒಬ್ಬರ ಮೇಲೊಬ್ಬರು ನಿಲ್ಲುವ ನಮ್ಮ ಚಾಳಿಯನ್ನು ಮಹಾಮಾರಿಯೂ ಬಿಡಿಸಲಿಲ್ಲ ನೋಡಿ.

ಈ 72 ಗಂಟೆಯ ಟೆಸ್ಟ್ ನಿಯಮದ ಬಗ್ಗೆ ನನ್ನ ತಕರಾರು ಬೇರೆಯದೇ. ಹೊರಡುವ ಮುನ್ನ ಪಾಸಿಟಿವ್ ಬಂದವರು ಅಲ್ಲೇ ಐಸೋಲೇಷನ್‌ನಲ್ಲಿ ಉಳಿಯಬೇಕಿತ್ತು. ನಮ್ಮ ಕಡೆಯಿಂದ ನೋಡಿದರೆ ಅಚ್ಚುಕಟ್ಟು. ಆದರೆ ಉಳಿಯುವ ಜಾಗ ಸುಮಾರು ಐದು ಲಕ್ಷ ಜನರ ದೇಶ. 2021ರ ಮೇ ತಿಂಗಳಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಹೊಸ ಸೋಂಕು ಕಂಡ ದೇಶಗಳ ಸಾಲಿನಲ್ಲಿ ಅದಿತ್ತು. ಏಪ್ರಿಲ್ 27ರಿಂದ ಭಾರತದ ಪ್ರವಾಸಿಗರು ಜನವಸತಿ ದ್ವೀಪಗಳಲ್ಲಿ ತಂಗುವಂತಿಲ್ಲ ಅಂದರು, ಮೇ 13ರಿಂದ ದಕ್ಷಿಣ ಏಷ್ಯಾದವರಿಗೆ ವೀಸಾ ನಿಲ್ಲಿಸಿದರು. ಮೊದಲ ಹೆಜ್ಜೆಯಲ್ಲಿ ಹೊಡೆತ ಬಿದ್ದದ್ದು ಊರಿನವರ ಸಣ್ಣ ಗೆಸ್ಟ್‌ಹೌಸ್‌ಗಳಿಗೆ. ಬೇರೆ ದ್ವೀಪಗಳಲ್ಲಿದ್ದ ದುಬಾರಿ ರೆಸಾರ್ಟ್‌ಗಳ ಬಾಗಿಲು ಇನ್ನೆರಡು ವಾರ ತೆರೆದೇ ಇತ್ತು.

ಇನ್ನೊಂದು ಗುಂಪಿನ ಪಾಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ಕೋವಿಡ್ ಬಂದು ವಾಸಿಯಾದವರಲ್ಲಿ ವೈರಸ್ಸಿನ ಚೂರುಗಳು ಮೂರು ತಿಂಗಳವರೆಗೂ ಪಿಸಿಆರ್‌ನಲ್ಲಿ ಸಿಕ್ಕಿಬಿಡಬಹುದು. ಸೋಂಕು ಹರಡುವುದಿಲ್ಲ, ವರದಿ ಮಾತ್ರ ಪಾಸಿಟಿವ್. ಹೋಗುವಾಗ ನೆಗೆಟಿವ್ ಬಂದವರಿಗೇ ಬರುವಾಗ ಪಾಸಿಟಿವ್ ಬರುವುದೂ ಇತ್ತು. ಅಂಥವರು ಮೂರು ತಿಂಗಳು ಕಾಯುವುದೇ ಲೇಸಿತ್ತು. ಹೋಗಲೇಬೇಕೆಂದಿದ್ದರೆ, ಇನ್ಶೂರೆನ್ಸ್ ಪಾಲಿಸಿ ಬರೀ ಆಸ್ಪತ್ರೆ ಖರ್ಚು ಕೊಡುತ್ತದೋ, ಲಕ್ಷಣವಿಲ್ಲದೆ ಹೋಟೆಲ್ ಕೋಣೆಯಲ್ಲಿ ಹತ್ತು ದಿನ ಕೂತರೂ ಬಾಡಿಗೆ ಕೊಡುತ್ತದೋ ಅಂತ ಟಿಕೆಟ್ ಮಾಡುವ ಮೊದಲೇ ಓದಿಕೊಳ್ಳಬೇಕಿತ್ತು.