ಐದು ವರ್ಷ ಆದ್ಮೇಲೆ ನನ್ನ ಸ್ಟೇಪ್ಲರ್

ಅಪ್ರೈಸಲ್ ಫಾರಂ ಬಂತು. ನಾಲ್ಕನೇ ಪ್ರಶ್ನೆ ಪ್ರತಿ ವರ್ಷ ಬರೋದೇ, 'ಇನ್ನು ಐದು ವರ್ಷಕ್ಕೆ ನೀವು ಎಲ್ಲಿರ್ಬೇಕು ಅಂದ್ಕೊಂಡಿದೀರಿ?' ಸರಿ, ಈ ಸಲ ಏನಾದ್ರೂ ಭಾರಿಯಾಗಿ ಬರೀಲೇಬೇಕು ಅಂತ ಪ್ರಿಂಟ್ ತೆಗ್ದು, ಎರಡು ಹಾಳೆ ಜೋಡ್ಸಿ, ಸ್ಟೇಪ್ಲರ್‌ಗೆ ಕೈ ಚಾಚಿದ್ರೆ ಜಾಗ ಖಾಲಿ. ಐದು ವರ್ಷದ ಮಾತು ಹಾಗಿರ್ಲಿ, ಐದು ನಿಮಿಷದ ಹಿಂದೆ ಇಲ್ಲೇ ಇತ್ತು.

ಈ ಆಫೀಸಲ್ಲಿ ಯಾರಿಗೂ ಸ್ಟೇಪ್ಲರ್ ಇಲ್ಲ ಅಂತಲ್ಲ. ಎಲ್ಲರಿಗೂ ಇದೆ. ನಾನೇ ಇಂಡೆಂಟ್ ಹಾಕಿ, ನಾನೇ ತರ್ಸಿ, ನಾನೇ ರಿಜಿಸ್ಟರ್‌ನಲ್ಲಿ ಸೈನ್ ಹಾಕಿಸ್ಕೊಂಡು ಕೊಟ್ಟಿರೋದು. ಆದ್ರೆ ಎಲ್ರಿಗೂ ನನ್ನದೇ ಬೇಕು, ಯಾಕಂದ್ರೆ ನನ್ನದ್ರಲ್ಲಿ ಪಿನ್ ಇರತ್ತೆ. ಅವರವರ ಸ್ಟೇಪ್ಲರ್‌ಗೆ ಅವರವರೇ ಪಿನ್ ಹಾಕ್ಕೋಬೋದು ಅನ್ನೋದು ಎಂಜಿನಿಯರಿಂಗ್ ಓದಿದೋರಿಗೂ ಯಾಕೋ ಹೊಳೆಯಲ್ಲ. ಹೊಳೆದೋರು ಇನ್ನೂ ಅಪಾಯ. ದೊಡ್ಡ ಸ್ಟೇಪ್ಲರ್‌ಗೆ ಬೇಕಾಗಿರೋದು 24/6 ಪಿನ್ನು, 24 ಅಂದ್ರೆ ತಂತಿಯ ಗೇಜು, 6 ಅಂದ್ರೆ ಕಾಲಿನ ಉದ್ದ, ಆರು ಮಿಲಿಮೀಟರ್. ಇವ್ರು ಪುಟಾಣಿ ಸ್ಟೇಪ್ಲರ್‌ನ ಹತ್ತನೇ ನಂಬರ್ ಪಿನ್ ತಗೊಂಡು ಅದ್ರೊಳಗೆ ತುರುಕ್ತಾರೆ, ಆಮೇಲೆ ಅರವತ್ತು ಹಾಳೆ ಇಟ್ಟು ಅಂಗೈಲಿ ಗುದ್ದುತಾರೆ, ಅದು ಕಚ್ಕೊಂಡು ಕೂತಾಗ 'ನೀವು ಕ್ವಾಲಿಟಿ ನೋಡಿ ತರ್ಸಲ್ಲ' ಅಂತ ನನ್ನ ಟೇಬಲ್ ಮೇಲೆ ತಂದು ಇಡ್ತಾರೆ. ಸರಿಯಾದ ಪಿನ್ನಿನ ಆರು ಮಿಲಿಮೀಟರ್ ಕಾಲಿಗೇ ಅರವತ್ತು ಹಾಳೆ ದಾಟಿ ಆ ಕಡೆ ಹೋಗಿ ಮಡಚ್ಕೊಳಕ್ಕೆ ಆಗತ್ತಾ ಅಂತ ಕೇಳ್ಬೇಕು ಅನ್ಸತ್ತೆ. ಕೇಳಲ್ಲ. ಗುಂಡುಸೂಜಿ ತಗೊಂಡು ಕೆದಕ್ತಾ ಕೂತ್ಕೋತೀನಿ.

ಅದಕ್ಕೇ ಹೋದ ವರ್ಷ ಸ್ಟೇಪ್ಲರ್ ಬೆನ್ನ ಮೇಲೆ ವೈಟ್ನರ್‌ನಲ್ಲಿ ನನ್ನ ಹೆಸರು ಬರೆದೆ. ಒಂದು ವಾರ ಮರ್ಯಾದೆಯಾಗಿ ವಾಪಸ್ ಬಂತು. ಆಮೇಲೆ ಯಾರೋ ಉಗುರಲ್ಲಿ ಕೆರೆದು ಕೆರೆದು ಮೊದಲಕ್ಷರ ಕಿತ್ತಾಕಿದ್ರು. ಕೆಲ್ಸದ ವಿಷ್ಯದಲ್ಲಿ ಇಷ್ಟು ಶ್ರದ್ಧೆ ಇದ್ದಿದ್ರೆ ಆ ಮನುಷ್ಯ ಇಷ್ಟೊತ್ತಿಗೆ ಡೈರೆಕ್ಟರ್ ಆಗಿರ್ತಿದ್ದ. ಡೈರೆಕ್ಟರೇ ಕೆರೆದಿದ್ರೂ ಕೆರೆದಿರ್ಬೋದು, ಹೇಳಕ್ಕಾಗಲ್ಲ.

ವೈಟ್ನರ್ ಅಂದ್ಮೇಲೆ ಅದನ್ನ ಕಂಡುಹಿಡಿದ ಬೆಟ್ಟಿ ಗ್ರಹಾಂ ಬಗ್ಗೆ ಹೇಳ್ದೆ ಮುಂದೆ ಹೋಗಕ್ಕೆ ನನ್ನ ಕೈಲಾಗಲ್ಲ, ಅವಳು ನಮ್ಮೋಳು ನೋಡಿ. ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಬ್ಯಾಂಕಲ್ಲಿ ಸೆಕ್ರೆಟರಿ. ಡಿವೋರ್ಸ್ ಆಗಿತ್ತು, ಒಬ್ಬ ಮಗ, ಟೈಪಿಂಗ್ ಅಷ್ಟಕ್ಕಷ್ಟೇ. ಆಗ ತಾನೇ ಎಲೆಕ್ಟ್ರಿಕ್ ಟೈಪ್‌ರೈಟರ್ ಬಂದಿತ್ತು, ಅದರ ಕಾರ್ಬನ್ ರಿಬ್ಬನ್ನಿನ ಅಕ್ಷರ ರಬ್ಬರಲ್ಲಿ ಉಜ್ಜಿದ್ರೆ ಅಳಿಸೋ ಬದ್ಲು ಹರಡ್ತಿತ್ತು, ಅಂದ್ರೆ ಒಂದಕ್ಷರ ತಪ್ಪಿದ್ರೆ ಇಡೀ ಪೇಜ್ ಇನ್ನೊಂದ್ಸಲ. ಬ್ಯಾಂಕಿನ ಕಿಟಕಿ ಮೇಲೆ ಹಬ್ಬದ ಚಿತ್ರ ಬರಿತಿದ್ದ ಪೇಂಟರ್‌ಗಳು ತಪ್ಪಾದಾಗ ಅಳಿಸಲ್ಲ, ಮೇಲೊಂದು ಕೋಟ್ ಬಳೀತಾರೆ ಅನ್ನೋದನ್ನ ಅವಳು ನೋಡಿದ್ಲು. ಎಲ್ರೂ ನೋಡಿರ್ತಾರೆ, ಬಿಡಿ. ಇವಳು ಮಾತ್ರ ಸಣ್ಣ ಬಾಟ್ಲಿಲಿ ನೀರಲ್ಲಿ ಕಲಸೋ ಬಿಳಿ ಟೆಂಪೆರಾ ಪೇಂಟು, ಒಂದು ಬ್ರಶ್ಶು ಡ್ರಾಯರಲ್ಲಿ ಇಟ್ಕೊಂಡು ಬಂದ್ಲು. ವರ್ಷಗಟ್ಲೆ ಕದ್ದುಮುಚ್ಚಿ ಬಳಿದ್ಲು. ಪಕ್ಕದ ಟೇಬಲ್‌ನೋರು 'ನಂಗೂ ಸ್ವಲ್ಪ' ಅಂದ್ರು (ಪಕ್ಕದ ಟೇಬಲ್ ಅಂದ್ರೆ ಎಲ್ಲಾ ಕಡೆ ಒಂದೇ), 1956ರಲ್ಲಿ ಅಡುಗೆಮನೇಲೇ ಕಲಸಿ 'ಮಿಸ್ಟೇಕ್ ಔಟ್' ಅಂತ ಹೆಸರಿಟ್ಟು ಮಾರಕ್ಕೆ ಶುರು ಮಾಡಿದ್ಲು, ಮಗ, ಮಗನ ಫ್ರೆಂಡ್ಸು ಕೂತ್ಕೊಂಡು ಬಾಟ್ಲಿ ತುಂಬ್ಸೋರು. ಆಮೇಲೆ ಅದೇ 'ಲಿಕ್ವಿಡ್ ಪೇಪರ್' ಆಯ್ತು.

ನನಗೆ ಬಹಳ ಇಷ್ಟ ಆಗೋ ಜಾಗ ಇನ್ಮೇಲೆ ಬರತ್ತೆ. ಹಗಲು ಬ್ಯಾಂಕು, ರಾತ್ರಿ ಬಾಟ್ಲಿ ಅಂತ ಮಾಡಿ ಮಾಡಿ ಸುಸ್ತಾಗಿ ಒಂದಿನ ಬ್ಯಾಂಕಿನ ಪತ್ರದ ಕೆಳಗೆ ಬ್ಯಾಂಕಿನ ಹೆಸರಿನ ಬದ್ಲು ತನ್ನ ಕಂಪನಿ ಹೆಸರು ಟೈಪ್ ಮಾಡ್ಬಿಟ್ಲಂತೆ. ಕೆಲ್ಸದಿಂದ ತೆಗ್ದಾಕಿದ್ರು. ತಪ್ಪು ಮುಚ್ಚೋ ಬಣ್ಣ ಕಂಡುಹಿಡಿದೋಳೇ ಆ ಒಂದು ತಪ್ಪನ್ನ ಮುಚ್ಚಕ್ಕೆ ಮರೆತ್ಲು! 1979ರಲ್ಲಿ ಕಂಪನೀನ ಜಿಲೆಟ್‌ಗೆ ಮಾರಿದಾಗ ಬಂದ ದುಡ್ಡು 4 ಕೋಟಿ 75 ಲಕ್ಷ ಡಾಲರ್. ಮಗ ಅಷ್ಟೊತ್ತಿಗಾಗ್ಲೇ ಮಂಕೀಸ್ ಅನ್ನೋ ಪಾಪ್ ಬ್ಯಾಂಡಲ್ಲಿ ಹಾಡಿ ಫೇಮಸ್ ಆಗಿದ್ದ. ನಮ್ಮ ಕೆಲ್ಸದಲ್ಲಿ ಗ್ರೋತ್ ಅಂದ್ರೆ ಇದು ಅಂತ ನಂಗೆ ಯಾವಾಗ್ಲೂ ಅನ್ಸತ್ತೆ, ಮೊದ್ಲು ಕೆಲ್ಸ ಹೋಗ್ಬೇಕು.

ಯಾಕಂದ್ರೆ ಕೆಲ್ಸದ ಒಳಗೇ ಇದ್ರೆ ಬೆಳೆಯೋದು ಡೆಸಿಗ್ನೇಷನ್ ಒಂದೇ. ಸೇರಿದಾಗ ಆಫೀಸ್ ಅಸಿಸ್ಟೆಂಟ್, ಆಮೇಲೆ ಅಡ್ಮಿನ್ ಅಸಿಸ್ಟೆಂಟ್, ಆಮೇಲೆ ಸೀನಿಯರ್ ಅಂತ ಮುಂದೊಂದು ಬಾಲ, ಈಗ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಅಂತೆ. ಟೇಬಲ್ ಅದೇ, ಡ್ರಾಯರ್ ಅದೇ, ಅದರ ಬೀಗ ಈಗ್ಲೂ ಬೀಳಲ್ಲ. ಅಮೆರಿಕದೋರು 1952ರಲ್ಲೇ ಸೆಕ್ರೆಟರಿಗಳಿಗೆ ಅಂತ ಒಂದು ವಾರ ಮಾಡಿದ್ರು, 2000ದಲ್ಲಿ ಹೆಸರು ಬದಲಾಯ್ಸಿ ಅಡ್ಮಿನಿಸ್ಟ್ರೇಟಿವ್ ಪ್ರೊಫೆಷನಲ್ಸ್ ಅಂದ್ರು. ಏಪ್ರಿಲ್ ಕೊನೇಲಿ ಬರತ್ತೆ. ಒಂದು ವರ್ಷ ಅದ್ಯಾರೋ ನಮ್ಮಲ್ಲೂ ಮಾಡೋಣ ಅಂದ್ರು, ಬೊಕೆ ಆರ್ಡರ್ ಮಾಡಿದ್ದು ಯಾರು? ನಾನೇ. ಬಿಲ್ ಪಾಸ್ ಮಾಡಿಸಿದ್ದೂ ನಾನೇ. ಬೊಕೆ ಬಂದಾಗ ಆಶ್ಚರ್ಯ ಪಟ್ಟಿದ್ದೂ ನಾನೇ, ಫೋಟೋಗೋಸ್ಕರ.

ಫಾರಂನಲ್ಲಿ 'ಈ ವರ್ಷದ ಸಾಧನೆಗಳು' ಅಂತ ಇನ್ನೊಂದು ಕಾಲಂ ಇದೆ. ಏನ್ ಬರೀಲಿ ಅಲ್ಲಿ. ಆರು ಜನರ ಕ್ಯಾಲೆಂಡರ್ ಎದುರಿಟ್ಕೊಂಡು ಒಂದು ಖಾಲಿ ಗಂಟೆ ಹುಡುಕಿದೆ, ಹುಡುಕಿದ್ಮೇಲೆ ಒಬ್ರು ಬರಲ್ಲ ಅಂದ್ರು, ಮತ್ತೆ ಹುಡುಕಿದೆ, ಮೀಟಿಂಗ್ ಆಯ್ತು, ಮಿನಿಟ್ಸ್ ನಾನು ಬರೆದೆ, ಅದ್ರಲ್ಲಿ 'ಹಾಜರಿದ್ದವರು' ಪಟ್ಟೀಲಿ ನನ್ನ ಹೆಸರು ನಾನೇ ಹಾಕಿಲ್ಲ, ಹಾಕೋ ಪದ್ಧತಿ ಇಲ್ವಂತೆ. ನಾನು ಒಂದಿನ ರಜಾ ಹಾಕಿದ್ರೆ ಮಾತ್ರ ಹನ್ನೊಂದು ಫೋನ್ ಬರತ್ತೆ, ಟೋನರ್ ಎಲ್ಲಿದೆ, ಸೀಲ್ ಎಲ್ಲಿದೆ, ಮೀಟಿಂಗ್ ರೂಮ್ ಕೀ ಎಲ್ಲಿದೆ. ಕೀ ಬಾಗಿಲಲ್ಲೇ ಇರತ್ತೆ. ಸಾಧನೆ ಕಾಲಂನಲ್ಲಿ 'ಒಂದಿನ ರಜಾ ಹಾಕಿದ್ದೆ' ಅಂತ ಬರೆದ್ರೆ ಅದಕ್ಕಿಂತ ಸತ್ಯ ಇನ್ನೊಂದಿಲ್ಲ.

ಸ್ಟೇಪ್ಲರ್‌ಗೂ ಕೆರಿಯರ್‌ಗೂ ಏನೋ ಒಂದು ಸಂಬಂಧ ಇದೆ ಅಂತ ಹೇಳಕ್ಕೆ ಹೊರಟಿದ್ದೆ, ಬೆಟ್ಟಿ ಮಧ್ಯ ಬಂದು ಅದು ಎಲ್ಲೋ ತಪ್ಪೋಯ್ತು. ಕೊನೆಗೆ ಆ ಎರಡು ಹಾಳೆಗೆ ಗುಂಡುಸೂಜಿ ಚುಚ್ಚಿ ಎಚ್‌ಆರ್‌ಗೆ ಕಳಿಸ್ದೆ. ಸಂಜೆಗೆ ವಾಪಸ್ ಬಂತು, ಮೇಲೊಂದು ಚೀಟಿ: 'ದಯವಿಟ್ಟು ಸ್ಟೇಪಲ್ ಮಾಡಿ ಕಳುಹಿಸಿ.' ನಾಲ್ಕನೇ ಪ್ರಶ್ನೆ ಖಾಲಿ ಬಿಟ್ಟಿದ್ದು ಅವ್ರ ಕಣ್ಣಿಗೆ ಬಿದ್ದಿರ್ಲಿಲ್ಲ.