ಅಭಿನಂದನೆಗಳು, ನಿಮಗೆ ಸಾಲ ಬಂದಿದೆ!

ಸೀಟು ಸಿಕ್ಕ ಮಕ್ಕಳಿಗೆ ಅಮೆರಿಕದ ಕಾಲೇಜುಗಳು ಒಂದು ಪತ್ರ ಕಳಿಸುತ್ತವೆ. ಅದರಲ್ಲಿ ಅಭಿನಂದನೆ, ಅದರ ಕೆಳಗೆ ನೆರವಿನ ಪಟ್ಟಿ. ಮೊದಲು ಸ್ಕಾಲರ್‌ಶಿಪ್. ಆಮೇಲೆ ಬಡ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ, ಹಿಂದಿರುಗಿಸಬೇಕಿಲ್ಲದ ಪೆಲ್ ಗ್ರ್ಯಾಂಟ್. ಅದರ ಪಕ್ಕದಲ್ಲೇ ಏನೂ ಅರಿಯದವರ ಹಾಗೆ ಸಾಲ ಕೂತಿರುತ್ತದೆ. ಕೆಲವೊಮ್ಮೆ ಅಪ್ಪ-ಅಮ್ಮನ ಹೆಸರಿನಲ್ಲಿ ಇನ್ನೊಂದು ಸಾಲ. ಎಲ್ಲವನ್ನೂ ಕೂಡಿಸಿ 'ನಿಮಗೆ ಸಿಕ್ಕ ಒಟ್ಟು ನೆರವು ಇಷ್ಟು' ಎಂದು ತೋರಿಸುವವರೂ ಇದ್ದಾರೆ. ಸಾಲದ ಚೀಟಿ ಕೈಗಿಟ್ಟು ಶಹಬ್ಬಾಸ್ ಅನ್ನುವುದು ಅಂದರೆ ಇದೇ ಅಲ್ವಾ?

ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣೆ ಸಂಸ್ಥೆ ಜಿಎಒ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿತು. ಮನೆಯವರು ನಿಜಕ್ಕೂ ಎಷ್ಟು ಹೊಂದಿಸಬೇಕು ಎನ್ನುವುದನ್ನು ಅಂದಾಜು ಶೇ 91ರಷ್ಟು ಕಾಲೇಜುಗಳು ಬರೆಯುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಎಂದಿತು. ಗಣಿತ ವಿಭಾಗ ಇರುವ ಕಾಲೇಜುಗಳು ಸ್ವಾಮಿ ಇವು!

ಈ ಪತ್ರ ಬರಬೇಕಾದರೆ ಮೊದಲು ಸರ್ಕಾರದ ನೆರವು ಕೋರುವ ಫ್ಯಾಫ್ಸಾ ಎಂಬ ಅರ್ಜಿ ತುಂಬಬೇಕು. ಹಳೆಯ ಅರ್ಜಿಯಲ್ಲಿ ನೂರಕ್ಕೂ ಜಾಸ್ತಿ ಪ್ರಶ್ನೆಗಳಿದ್ದವು. ಜನಕ್ಕೆ ಕಷ್ಟ ಅಂತ 2020ರ ಡಿಸೆಂಬರಿನಲ್ಲಿ ಅದನ್ನು ಸರಳ ಮಾಡುವ ಕಾಯ್ದೆಯೇ ಬಂತು. ಸರಳ ಮಾಡಲು ಮೂರು ವರ್ಷ ಹಿಡಿಯಿತು. ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ಅರ್ಜಿ 2023ರ ಡಿಸೆಂಬರ್ 30ಕ್ಕೆ ತೆರೆಯಿತು. ಅದೂ ಮೊದಮೊದಲು ಸ್ವಲ್ಪ ಹೊತ್ತು ತೆರೆದು ಮತ್ತೆ ಬಾಗಿಲು ಹಾಕುತ್ತಿತ್ತು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ನಮ್ಮ ಆಧಾರ್ ಥರದ್ದು) ಇಲ್ಲದ ತಂದೆ-ತಾಯಿಯರು ಅರ್ಧದಲ್ಲೇ ಸಿಕ್ಕಿಹಾಕಿಕೊಂಡರು. ಇಷ್ಟರ ಮೇಲೆ, ಯಾರಿಗೆ ಎಷ್ಟು ನೆರವು ಎಂಬ ಲೆಕ್ಕಕ್ಕೆ ಬೆಲೆ ಏರಿಕೆಯನ್ನು ಸೇರಿಸಲು ಶಿಕ್ಷಣ ಇಲಾಖೆಗೆ ಮರೆತೇಹೋಗಿತ್ತು. ಅದನ್ನು ಸರಿಪಡಿಸಿದಾಗ ಮಕ್ಕಳ ಪಾಲಿಗೆ ಸೇರಿದ್ದು ಸುಮಾರು 180 ಕೋಟಿ ಡಾಲರ್. ಮಾಹಿತಿ ಕಾಲೇಜುಗಳ ಕೈ ಸೇರುವಷ್ಟರಲ್ಲಿ ಮಾರ್ಚ್ ಬಂದಿತ್ತು. ಪ್ರಶ್ನೆಗಳು ಕಡಿಮೆಯಾಗಿದ್ದು ಮಾತ್ರ ನಿಜ, ಅದನ್ನು ಒಪ್ಪಬೇಕು.

ಹೊಸ ಲೆಕ್ಕದಲ್ಲಿ ಇನ್ನೊಂದು ತಮಾಷೆ ಇದೆ. ಮನೆಯ ಹಣದ ಸ್ಥಿತಿಗೆ ಅಂಕ ಕೊಡುತ್ತಾರೆ, ಬಡತನ ಹೆಚ್ಚಿದಷ್ಟೂ ಅಂಕ ಕಡಿಮೆ. ಅದು ಸೊನ್ನೆಗಿಂತಲೂ ಕೆಳಗೆ, -1500ರವರೆಗೆ ಇಳಿಯಬಹುದು. ಹಾಗಂತ ಪೆಲ್ ಗ್ರ್ಯಾಂಟ್ ಹೆಚ್ಚಾಗುತ್ತದಾ? ಇಲ್ಲ. ಅದಕ್ಕೊಂದು ಮಿತಿ, 2024-25ಕ್ಕೆ 7,395 ಡಾಲರ್. 'ನೀವು ಬಡವರಿಗಿಂತ ಬಡವರು, ನಮಗೆ ಗೊತ್ತಾಯಿತು' ಎಂದು ಬರೆದುಕೊಳ್ಳುತ್ತಾರೆ, ಅಷ್ಟೆ.

ಹೋಗಲಿ, ಹುಡುಗಿ ಜಾಣೆ. ರಾತ್ರಿಯೆಲ್ಲಾ ಕೂತು ತನ್ನ ಕಷ್ಟಗಳ ಬಗ್ಗೆ ಪ್ರಬಂಧ ಬರೆದು ಹೊರಗಿನ ಟ್ರಸ್ಟ್ ಒಂದರಿಂದ 2,000 ಡಾಲರ್ ಗೆದ್ದಳು ಅಂತಿಟ್ಟುಕೊಳ್ಳಿ. ಕಾಲೇಜಿಗೆ ತಿಳಿಸಬೇಕು, ಅದು ನಿಯಮ. ತಿಳಿಸಿದಳು. ಕಾಲೇಜಿಗೂ ಬಹಳ ಖುಷಿಯಾಯಿತು. ತಾನು ಕೊಡಬೇಕಿದ್ದ ನೆರವಿನಲ್ಲಿ 2,000 ಡಾಲರ್ ಮುರಿದುಕೊಂಡಿತು! ನಿದ್ದೆಗೆಟ್ಟವಳು ಹುಡುಗಿ, ಬಹುಮಾನ ಹೋಗಿದ್ದು ಕಾಲೇಜಿಗೆ. ಇದೇನು ಕಟ್ಟುಕಥೆಯಲ್ಲ. ಇದನ್ನು ತಡೆಯಲೆಂದೇ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಸರ್ಕಾರಿ ಕಾಲೇಜುಗಳಿಗೆ ಕಾನೂನು ಮಾಡಬೇಕಾಯಿತು. ಕಾನೂನಿಲ್ಲದ ಕಡೆ ಪ್ರಬಂಧ ಬರೆಯುವವರು ಟ್ರಸ್ಟಿನ ಬದಲು ನೇರವಾಗಿ ಕಾಲೇಜಿನ ಖಜಾಂಚಿಗೇ ಬರೆದುಕೊಟ್ಟರೆ ಅಂಚೆ ಖರ್ಚಾದರೂ ಉಳಿಯುತ್ತದೆ.

ಕೊನೆಗೆ ಉಳಿಯುವುದು ಸರ್ಕಾರದ ಸಾಲ. ತಂದೆ-ತಾಯಿಯ ಆಸರೆಯಲ್ಲಿರುವ ಮಕ್ಕಳಿಗೆ ಮೊದಲ ವರ್ಷ ಹೆಚ್ಚೆಂದರೆ 5,500 ಡಾಲರ್. ಅದರಲ್ಲಿ ಶೇ 1ಕ್ಕಿಂತ ತುಸು ಜಾಸ್ತಿ ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ. ಹಿಂದಿರುಗಿಸಬೇಕಾದ್ದು ಪೂರ್ತಿ 5,500, ಮೇಲೆ ಬಡ್ಡಿ. ಓದು ಮುಗಿದು ಆರು ತಿಂಗಳವರೆಗೆ ಕಂತು ಕೇಳುವುದಿಲ್ಲ, ಅಷ್ಟು ಕರುಣೆಯಿದೆ. ಸಬ್ಸಿಡಿ ಇಲ್ಲದ, ಅಂದರೆ ಓದುವಾಗಿನ ಬಡ್ಡಿಯನ್ನು ಸರ್ಕಾರ ಕಟ್ಟದ ಸಾಲವಾದರೆ ಬಡ್ಡಿ ಮಾತ್ರ ದುಡ್ಡು ಬಂದ ದಿನದಿಂದಲೇ ಬೆಳೆಯುತ್ತದೆ. ಕಾಲೇಜಿಗೆ ಒಂದು ದಿನವೂ ಚಕ್ಕರ್ ಹೊಡೆಯದವರು ಯಾರಾದರೂ ಇದ್ದರೆ ಅದು ಈ ಬಡ್ಡಿಯೇ.